ಹನ್ನೊಂದು ಪೈಸೆಯ ನೀರು

ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಸರದಿಗೆ ಕಾಯುತ್ತಿದ್ದವನು ಒಳಗೆ ಕರೆದಾಗ ಎದ್ದು ಹೋದ. ಮನೆಯಲ್ಲಿ ಎರಡು ವರ್ಷದ ಮಗು, ಎರಡು ದಿನದಿಂದ ಭೇದಿ, ಏನಾದರೂ ಕೊಡಿ ಅಂದ. ಡಾಕ್ಟರು ಒಂದೆರಡು ಪ್ರಶ್ನೆ ಕೇಳಿ ಚೀಟಿ ಬರೆದರು. ಆತ ಫೀಸು ಕೊಟ್ಟು ಹೊರಗೆ ಬಂದ. ಮನೆಯಲ್ಲಿ ಅಂಥ ಮಗು ಇರಲಿಲ್ಲ. ಭೇದಿಯೂ ಇರಲಿಲ್ಲ. ಆತ ಸಂಶೋಧಕರು ತರಬೇತಿ ಕೊಟ್ಟು ಕಳಿಸಿದ್ದ ನಟ.

ಇಂಥ ನಟರು ನಮ್ಮ ಕರ್ನಾಟಕದಲ್ಲೂ ಬಿಹಾರದಲ್ಲೂ ಸೇರಿ 253 ಪಟ್ಟಣಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಮುಂದೆ ಇದೇ ಮಾತು ಆಡಿದರು. ಕೆಲವರು ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣದ ಚಿತ್ರ ತೋರಿಸಿ ಇದನ್ನು ಕೊಡಬಹುದೇ ಅಂದರು. ಕೆಲವರು ಆಂಟಿಬಯೋಟಿಕ್ಕಿನ ಚಿತ್ರ ತೋರಿಸಿದರು. ಉಳಿದವರು ಏನನ್ನೂ ಕೇಳದೆ, ನೀವೇ ನೋಡಿ ಕೊಡಿ ಎಂದು ಸುಮ್ಮನೆ ಕೂತರು. ಅದರ ಫಲಿತಾಂಶ 2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಓದಿದ ದಿನದಿಂದ ನನಗೊಂದು ಸಂಕಟ ಹತ್ತಿಕೊಂಡಿದೆ. ಅದನ್ನು ಇಲ್ಲಿ ನಿಮ್ಮ ಮುಂದೆ ಇಳಿಸುತ್ತಿದ್ದೇನೆ.

ಮಕ್ಕಳ ಭೇದಿಗೆ ಓಆರ್‌ಎಸ್ ಕೊಡಬೇಕೆಂಬುದು ಚಿಕಿತ್ಸೆ ಕೊಡುವವರಿಗೆ ಗೊತ್ತು. ಗೊತ್ತಿದ್ದೂ ಬರೆಯುವುದಿಲ್ಲ. ಯಾಕೆ ಎಂದು ಅಧ್ಯಯನ ಅಳೆದು ನೋಡಿತು. ಹೀಗೆ ಬರೆಯದೆ ಬಿಡುವುದರಲ್ಲಿ ಲಾಭದ ಲೆಕ್ಕಾಚಾರದ ಪಾಲು ನೂರಕ್ಕೆ 5. ಪೊಟ್ಟಣ ದಾಸ್ತಾನಿಲ್ಲದ್ದು 6. ಇನ್ನು 42 ಪಾಲಿಗೆ ಇರುವ ಕಾರಣ ಒಂದೇ: ಎದುರಿಗೆ ಕೂತವರಿಗೆ ಇದು ಬೇಡವಾಗಿದೆ ಎಂದು ವೈದ್ಯರು ಅಂದುಕೊಂಡಿರುವುದು. ನಟ ಓಆರ್‌ಎಸ್ ಬೇಕೆಂದು ತೋರಿಸಿಕೊಂಡಾಗ ಅದನ್ನು ಬರೆಯುವ ಪ್ರಮಾಣ 27 ಶೇಕಡಾಂಶ ಮೇಲೆದ್ದಿತು. ಇನ್ನೊಂದು ಕಡೆ ಮನೆಮನೆಗೆ ಹೋಗಿ ಕೇಳಿದರೆ, ಓಆರ್‌ಎಸ್ಸೇ ಒಳ್ಳೆಯದೆಂದು ನಂಬಿದ ಪೋಷಕರು ವೈದ್ಯರ ಅಂದಾಜಿಗಿಂತ ಎಷ್ಟೋ ಹೆಚ್ಚು. ಅವರು ನಂಬಿದ್ದಾರೆ, ಬಾಯಿ ಬಿಟ್ಟು ಹೇಳಿಲ್ಲ, ಅಷ್ಟೆ.

ದುಡ್ಡಿಗೆ ಬಿದ್ದ ಡಾಕ್ಟರುಗಳು ಎಂದು ಬೈದು ಹಾಯಾಗಿ ಇರಬಹುದಿತ್ತು. ಆ ಸುಖವನ್ನು ಈ ಲೆಕ್ಕ ನಮ್ಮಿಂದ ಕಿತ್ತುಕೊಂಡಿತು. ಅವರಿಗೂ ಗೊತ್ತು, ನಮಗೂ ಗೊತ್ತು. ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಗೊತ್ತಿಲ್ಲದವರ ಹಾಗೆ ಕೂತಿದ್ದೇವೆ. ನಡುವೆ ಮಗು ಒಣಗುತ್ತಿದೆ.

ನಾನೂ ಹಾಗೆ ಕೂತವನೇ. ಮಗಳಿಗೆ ಆಗ ಒಂದೂವರೆ ವರ್ಷ. ರಾತ್ರಿಯೆಲ್ಲ ಭೇದಿ, ಬೆಳಿಗ್ಗೆ ನಾಲ್ಕೈದು ಸಲ ವಾಂತಿ. ಹಲ್ಲು ಬರುವಾಗ ಹಿಂಗೇ ಆಗೋದು ಕಣೋ, ನೀರು ಜಾಸ್ತಿ ಕುಡಿಸಬೇಡ, ಕುಡಿದಷ್ಟೂ ಹೋಗ್ತದೆ ಅಂದಳು ಅಮ್ಮ. ತಾಲ್ಲೂಕಿನ ಒಂದು ಕ್ಲಿನಿಕ್ಕಿಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ನೋಡಿ, ನಾಲಿಗೆ ನೋಡಿ, “ಅಷ್ಟೇನೂ ಆಗಿಲ್ಲ. ಓಆರ್‌ಎಸ್ ಕಲಸಿ ಚಮಚದಲ್ಲಿ ಹಾಕ್ತಾ ಇರಿ” ಅಂದರು. ನನಗೆ ಸಿಟ್ಟೇ ಬಂತು. “ಅದನ್ನ ಮನೇಲೇ ಹಾಕ್ತಿದ್ವಲ್ಲ ಸಾರ್, ಅದಕ್ಕೆ ಇಲ್ಲಿ ತನಕ ಯಾಕೆ ಬರ್ತಿದ್ವಿ? ಒಂದು ಗ್ಲೂಕೋಸ್ ಹಾಕ್ಬಿಡಿ.” ಅವರು ನನ್ನ ಮುಖವನ್ನೊಮ್ಮೆ ನೋಡಿದರು. ವಾದ ಮಾಡಲಿಲ್ಲ. ಹೊರಗೆ ಇನ್ನೂ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಪುಟ್ಟ ಕೈಯಲ್ಲಿ ನರ ಸಿಗದೆ ಮೂರು ಸಲ ಚುಚ್ಚಿದರು. ಅವಳು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಚಿಕಿತ್ಸೆ ಸಿಕ್ಕಿತೆಂದು ಆವತ್ತು ನನಗೆ ಸಮಾಧಾನವಾಗಿತ್ತು.

ಬೇಡವೆಂದು ನಾನು ತಳ್ಳಿಬಿಟ್ಟ ಆ ಪೊಟ್ಟಣದ ಹಿಂದೆ ಯಾರ ಯಾರ ಬೆವರಿದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದ ಮೇಲೆ ನಾಚಿಕೆಯಾಯಿತು.

1831ರ ಕೊನೆಗೆ ಕಾಲರಾ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿಗೆ ಕಾಲಿಟ್ಟಿತು. ರೋಗಿಯ ರಕ್ತ ತೆಗೆಯುವುದು, ಅದು ಸಾಲದೆಂದು ಮತ್ತೆ ಭೇದಿ ಮಾಡಿಸುವುದು, ಇವು ಆ ಕಾಲದ ಚಿಕಿತ್ಸೆ. ಮೈಯ ನೀರೆಲ್ಲ ಬಸಿದುಹೋದವನನ್ನು ಇನ್ನೊಮ್ಮೆ ಹಿಂಡುವುದು! ವಿಲಿಯಂ ಬ್ರೂಕ್ ಓಶಾನಸಿ ಎಂಬ 22 ವರ್ಷದ ಐರಿಷ್ ಹುಡುಗ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಇವರ ಮೈಯಿಂದ ನೀರೂ ಉಪ್ಪೂ ಹೋಗಿವೆ, ಅವನ್ನು ಮರಳಿ ತುಂಬಬೇಕು ಎಂದ. ಮರುವರ್ಷ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟಾ ಅದನ್ನು ಮಾಡಿಯೇ ನೋಡಿದ. ಸಾಯಲು ಬಿದ್ದಿದ್ದ ಮುದುಕಿಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರು ಏರಿಸಿದ. ಗುಳಿಬಿದ್ದ ಕಣ್ಣು ತೆರೆಯಿತು, ನಾಡಿ ಬಂತು, ಆಕೆ ಮಾತಾಡಿದಳು. ಅವನು ಆಕೆಯನ್ನು ಇನ್ನೊಬ್ಬರ ವಶಕ್ಕೆ ಬಿಟ್ಟು ಹೋದ. ಭೇದಿ ಮತ್ತೆ ಶುರುವಾಯಿತು, ನೀರು ಮತ್ತೆ ಏರಿಸಲಿಲ್ಲ, ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡಳು. 1833ರಲ್ಲಿ ಲಾಟಾ ತಾನೂ ಸತ್ತ. ವೈದ್ಯಲೋಕ ಅವನ ಉಪಾಯವನ್ನು ಮರೆತು ಹಲವು ದಶಕ ಹಾಗೇ ಕಳೆಯಿತು. ಓಶಾನಸಿ ಮುಂದೆ ಕಂಪನಿ ಸರ್ಕಾರದ ನೌಕರಿ ಹಿಡಿದು ಕಲ್ಕತ್ತೆಗೆ ಬಂದು ಟೆಲಿಗ್ರಾಫ್ ತಂತಿ ಎಳೆಸಿದ. ಕಾಲರಾದ ತವರಿಗೇ ಬಂದವನ ಹೆಸರು ನಿಂತದ್ದು ಬೇರೆ ಕೆಲಸಗಳಿಂದ!

ನರಕ್ಕೆ ಏರಿಸುವ ಸಲೈನ್ ಆಮೇಲೆ ಮತ್ತೆ ಬಂತು, ಪ್ರಾಣಗಳನ್ನು ಉಳಿಸಿತು, ಇವತ್ತಿಗೂ ಉಳಿಸುತ್ತಿದೆ. ಅದಕ್ಕೆ ಆಸ್ಪತ್ರೆ ಬೇಕು, ಶುದ್ಧ ಬಾಟಲಿ ಬೇಕು, ನರ ಹುಡುಕಬಲ್ಲ ಕೈ ಬೇಕು. ಕಾಲರಾ ಬರುವ ಊರುಗಳಲ್ಲಿ ಇವು ಮೂರೂ ಇರುವುದಿಲ್ಲ. ಬಾಯಿಂದಲೇ ಕುಡಿಸಬಾರದೇಕೆ ಎಂದರೆ, ಕಾಲರಾ ಕರುಳಿನ ಒಳಪದರವನ್ನೇ ತಿಂದುಹಾಕುತ್ತದೆ, ಕುಡಿಸಿದ ನೀರು ಮೈಗೆ ಹತ್ತುವುದಿಲ್ಲ ಎಂದು ದೊಡ್ಡದೊಡ್ಡವರು ನಂಬಿದ್ದರು. ನಮ್ಮಮ್ಮನ ಮಾತು ನೋಡಿ, ‘ಕುಡಿದಷ್ಟೂ ಹೋಗ್ತದೆ’. ಅದು ಬರೀ ಹಳ್ಳಿಯ ಮೂಢನಂಬಿಕೆಯಲ್ಲ, ಒಂದು ಕಾಲದ ವೈದ್ಯಶಾಸ್ತ್ರವೂ ಹೌದು.

ಆ ನಂಬಿಕೆಯ ಬುಡಕ್ಕೆ ಕೊಡಲಿ ಹಾಕಿದವರು ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಶಂಭುನಾಥ ಡೇ. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲೇ ಕಲ್ಕತ್ತೆಯಲ್ಲಿ ಹಿಡಿದು ತೋರಿಸಿದ್ದ. ಆ ರೋಗಾಣು ಮಾಡುವುದೇನು ಎಂಬುದು ಮಾತ್ರ 75 ವರ್ಷ ಒಗಟಾಗಿಯೇ ಇತ್ತು. ಡೇ ಮಾಡಿದ ಪ್ರಯೋಗ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಮೊಲದ ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಕಡೆ ದಾರ ಕಟ್ಟಿ, ನಡುವಿನ ಗೂಡಿಗೆ ರೋಗಾಣು ಬೆಳೆದ ದ್ರವವನ್ನು ಬಿಟ್ಟರು. ಬಿಡುವ ಮೊದಲು ಅದರಲ್ಲಿ ಒಂದೂ ರೋಗಾಣು ಉಳಿಯದಂತೆ ಸೋಸಿದ್ದರು. ಆದರೂ ಕರುಳಿನ ಗೂಡು ಅನ್ನದ ಗಂಜಿತಿಳಿಯಂಥ ನೀರು ತುಂಬಿ ಉಬ್ಬಿ ನಿಂತಿತು. ರೋಗಾಣು ಕರುಳನ್ನು ತಿನ್ನುವುದಿಲ್ಲ, ವಿಷ ಬಿಡುತ್ತದೆ. ಆ ವಿಷಕ್ಕೆ ಕರುಳು ತಾನೇ ನೀರು ಸುರಿಸುತ್ತದೆ. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಕಲ್ಕತ್ತೆಯಲ್ಲಿ, ಕೈಗೆಟುಕಿದ ಸಲಕರಣೆಗಳಲ್ಲಿ ಮಾಡಿದ ಕೆಲಸ ಅದು. ಕಾಲರಾ ಸಂಶೋಧನೆಯ ದಿಕ್ಕೇ ಅಲ್ಲಿಂದ ತಿರುಗಿತು.

ನಾವು ಅವರಿಗೆ ಕೊಟ್ಟದ್ದೇನು? ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಸಲ ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದರು. ನಮ್ಮ ದೇಶದ ಒಂದು ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1978ರಲ್ಲಿ ನೊಬೆಲ್ ಪ್ರತಿಷ್ಠಾನದ ವಿಚಾರಗೋಷ್ಠಿಗೆ ಕರೆ ಬಂದಾಗ, ತಾನು ಅರವತ್ತರ ದಶಕದಲ್ಲೇ ಸತ್ತವನು, ನೀವು ಗೋರಿಯಿಂದ ಅಗೆದು ತೆಗೆದಿದ್ದೀರಿ ಎಂಬ ಅರ್ಥದ ಮಾತಾಡಿದರಂತೆ. 1985ರಲ್ಲಿ ತೀರಿಕೊಂಡರು. ಐದು ವರ್ಷ ಕಳೆದ ಮೇಲೆ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಅವರಿಗಾಗಿ ಒಂದು ವಿಶೇಷ ಸಂಚಿಕೆ ತಂದಿತು. ನಮ್ಮೂರಿನ ಪತ್ರಿಕೆಯಾದರೂ ಋಣ ತೀರಿಸಿತಲ್ಲ ಎಂದು ಅಷ್ಟರಮಟ್ಟಿಗೆ ನೆಮ್ಮದಿ.

ಕರುಳು ಕೆಟ್ಟಿಲ್ಲ ಎಂದಾದರೆ ನೀರು ಕುಡಿಸಿ ಉಳಿಸಬಹುದು. ಅದಕ್ಕೂ ಒಂದು ಗುಟ್ಟಿದೆ. ಬರೀ ನೀರನ್ನು, ಬರೀ ಉಪ್ಪುನೀರನ್ನು ಆ ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಕ್ಕರೆಯ ಸಣ್ಣ ಕಣವಾದ ಗ್ಲೂಕೋಸ್ ಬಂದರೆ ಬಾಗಿಲು ತೆರೆಯುತ್ತದೆ. ಗ್ಲೂಕೋಸ್ ತಾನೊಂದೇ ಒಳಗೆ ಹೋಗದು, ಉಪ್ಪಿನ ಸೋಡಿಯಂ ಅನ್ನು ಕೈಹಿಡಿದುಕೊಂಡೇ ಹೋಗುತ್ತದೆ. ಇವೆರಡು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಈ ಜೋಡಿನಡಿಗೆಯನ್ನು ವಿವರಿಸಿದರು. ಕಾಲರಾ ಆ ಬಾಗಿಲೊಂದನ್ನು ಮುಚ್ಚಲಾರದು.

ಇನ್ನೊಬ್ಬರನ್ನು ಬಿಟ್ಟರೆ ತಪ್ಪಾದೀತು. ಡೇ ಅವರಿಗೂ ಕ್ರೇನ್ ಅವರಿಗೂ ಮೊದಲೇ, 1953ರಲ್ಲಿ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಬಾಯಿಂದಲೇ ದ್ರವ ಕುಡಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ವಾಂತಿ ನಿಲ್ಲಲು ಒಂದು ಮಾತ್ರೆ. ಭೇದಿಗೆ ಒಂದು ಎಲೆಯ ರಸ. ಯಾವ ಎಲೆ ಗೊತ್ತೇ? ನಮ್ಮ ದೊಡ್ಡಪತ್ರೆ. ಕರಾವಳಿಯವರು ಸಾಂಬಾರಬಳ್ಳಿ ಎನ್ನುವ, ಕೆಮ್ಮು ಬಂದ ಮಗುವಿಗೆ ಬಾಡಿಸಿ ರಸ ಹಿಂಡುವ, ತಂಬುಳಿ ಮಾಡುವ ಅದೇ ದೊಡ್ಡಪತ್ರೆ. ಎಲೆಯ ಗುಣವೆಷ್ಟೋ ಬೇರೆ ಮಾತು. ಉಪ್ಪು-ಸಕ್ಕರೆಯ ಲೆಕ್ಕ ಮಾತ್ರ ಮುಂದೆ ಜಗತ್ತು ತಲುಪಿದ ಲೆಕ್ಕಕ್ಕೆ ತೀರ ಹತ್ತಿರವಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಒಳಹೋದ ನೀರೆಷ್ಟು ಹೊರಬಂದದ್ದೆಷ್ಟು ಎಂಬ ಅಳತೆಯಿಲ್ಲ ಎಂದು ಪಶ್ಚಿಮದ ಪಂಡಿತರು ಅದನ್ನು ಪಕ್ಕಕ್ಕಿಟ್ಟರು. ವಿಜ್ಞಾನದ ಶಿಸ್ತಿನಲ್ಲಿ ಆ ಆಕ್ಷೇಪಣೆ ಸರಿಯೇ. ಆದರೆ ಯಾರಾದರೂ ಆ ಅಳತೆಯನ್ನು ಆಗಲೇ ಮಾಡಿ ನೋಡಬಹುದಿತ್ತಲ್ಲ? ಹದಿನೈದು ವರ್ಷ ಕಳೆಯಬೇಕಾಯಿತು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಎಳೆಯ ಅಮೆರಿಕನ್ನರು ಅಲ್ಲಿನ ಸಹೋದ್ಯೋಗಿಗಳ ಜೊತೆ ಹಗಲೂ ರಾತ್ರಿ ರೋಗಿಗಳ ಪಕ್ಕ ಕೂತು, ಹೋದಷ್ಟನ್ನೂ ಅಳೆದು ಅಷ್ಟನ್ನೇ ಕುಡಿಸಿ, ನರಕ್ಕೆ ಏರಿಸಬೇಕಾದ ಸಲೈನಿನಲ್ಲಿ ನೂರಕ್ಕೆ 80 ಪಾಲು ಉಳಿಸಬಹುದೆಂದು ತೋರಿಸಿಕೊಟ್ಟರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ನಾವು. ಅದನ್ನು ಇಡೀ ಲೋಕವೇ ಪಾಲಿಸುತ್ತದೆ ಎಂದು ಗೊತ್ತಿರಲಿಲ್ಲ.

ಈಗ ಬನಗಾಂವ್‌ಗೆ ಬನ್ನಿ. 1971ರ ಜೂನ್ ಕೊನೆ. ಪೂರ್ವ ಪಾಕಿಸ್ತಾನದ ಕಗ್ಗೊಲೆಗೆ ಬೆದರಿ ಜನ ಗಡಿ ದಾಟುತ್ತಿದ್ದಾರೆ. ಆ ವರ್ಷ ಹಾಗೆ ಬಂದವರು ಸುಮಾರು ಒಂದು ಕೋಟಿ. ಮಳೆಗಾಲ. ಡೇರೆ, ಕೆಸರು, ಕಾಲರಾ. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾಕ್ಕೆಂದು ಇದ್ದದ್ದು ಎರಡು ಕೋಣೆ. ಹಾಸಿಗೆ ತುಂಬಿ ಜನ ನೆಲದ ಮೇಲೆ. ಅವರ ಕೈಗೆ ಸೂಜಿ ಚುಚ್ಚಲು ವೈದ್ಯ ಅವರದೇ ಮಲ, ವಾಂತಿಯ ನಡುವೆ ಮಂಡಿಯೂರಬೇಕು. ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಿಂದ ಬಂದಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್, ಆಗ 36 ವರ್ಷದವರು, ಎರಡೇ ದಿನದಲ್ಲಿ ಅರಿತರು: ಈ ಕಾಳಗ ಸೋತಾಯಿತು. ಸಲೈನ್ ಬಾಟಲಿ ಮುಗಿಯುತ್ತಿದೆ. ತಂಡದಲ್ಲಿ ಅದನ್ನು ಹಾಕಲು ಬಲ್ಲವರು ಇಬ್ಬರೇ.

ಆಗ ಅವರು ಮಾಡಿದ್ದು ಇಷ್ಟು. ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ತಕ್ಕಡಿ ಇಟ್ಟರು. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ತೂಗಿ ಪಾಲಿಥೀನ್ ಚೀಲಕ್ಕೆ ತುಂಬಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಮುಚ್ಚಿದರು. ಬನಗಾಂವ್‌ನಲ್ಲಿ ಅದನ್ನು ಡ್ರಮ್ಮಿನ ನೀರಿಗೆ ಸುರಿದರು. ಡ್ರಮ್ಮಿಗೆ ನಲ್ಲಿ. ನಲ್ಲಿಯ ಕೆಳಗೆ ಮಗ್ಗು, ಲೋಟ ಹಿಡಿದ ತಾಯಂದಿರು, ಅಣ್ಣಂದಿರು, ಗಂಡಂದಿರು. ಪರಿಣತ ಕೈ ಸಿಗದಲ್ಲಿ ಮನೆಯವರ ಕೈಗೇ ಲೋಟ ಕೊಟ್ಟರು. ಜನರಿಗೆ ಸಲೈನ್ ಮೇಲೆ ನಂಬಿಕೆ. ಇದೂ ಸಲೈನೇ, ಬಾಯಿಂದ ಕುಡಿಯುವ ಸಲೈನ್ ಎಂದರು. ಆ ಹೆಸರೇ ಇವತ್ತಿಗೂ ಬಾಂಗ್ಲಾದೇಶದಲ್ಲಿ ಮನೆಮಾತು.

ಎಂಟು ವಾರದಲ್ಲಿ 3,700ಕ್ಕೂ ಹೆಚ್ಚು ರೋಗಿಗಳು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದ ಕಡೆ ಸಾವು ನೂರಕ್ಕೆ 3.6ಕ್ಕೆ ಇಳಿಯಿತು. ದ್ರವದ ಖರ್ಚು ಲೀಟರಿಗೆ 11 ಪೈಸೆ.

ಲೆಕ್ಕವನ್ನು ಬರೆದು ಕಳಿಸಿದರೆ ಮೊದಲಿಗೆ ಪತ್ರಿಕೆಯವರು ಹಾಕಿಕೊಳ್ಳಲಿಲ್ಲ. ವೈದ್ಯರಲ್ಲದವರು, ಅಕ್ಷರ ಬಾರದವರು ಕಾಲರಾ ರೋಗಿಗೆ ನೀರು ಕುಡಿಸಿ ಉಳಿಸಿದರೆಂದರೆ ಯಾರು ನಂಬುತ್ತಾರೆ? ಕಡೆಗೆ ಅಚ್ಚಾದದ್ದು 1973ರಲ್ಲಿ. ಶಿಬಿರವನ್ನು ಕಣ್ಣಾರೆ ನೋಡಿ ಹೋದ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಜಿನೀವಾದಲ್ಲಿ ಇದರ ಪರವಾಗಿ ನಿಂತರು. 1978ರಲ್ಲಿ ‘ಲ್ಯಾನ್ಸೆಟ್’ ಸಂಪಾದಕೀಯ, ಉಪ್ಪು ಸಕ್ಕರೆಯ ಈ ಶೋಧವು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದು ಎಂದು ಬರೆಯಿತು. ಇದರಿಂದ ಉಳಿದ ಜೀವಗಳು ಐದು ಕೋಟಿಗೂ ಹೆಚ್ಚೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮಹಲನಬಿಸ್ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ತಾವು ಕೆಲಸ ಶುರುಮಾಡಿದ್ದ ಕಲ್ಕತ್ತೆಯ ಮಕ್ಕಳ ಆಸ್ಪತ್ರೆಗೆ ಬದುಕಿನ ಉಳಿತಾಯದಿಂದ ಒಂದು ಕೋಟಿ ರೂಪಾಯಿ ಕೊಟ್ಟರು. 2022ರ ಅಕ್ಟೋಬರ್ 16ರಂದು ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಆಮೇಲೆ, 2023ರಲ್ಲಿ. ಬದುಕಿದ್ದಾಗ ಪದ್ಮಶ್ರೀ ಕೂಡ ಇರಲಿಲ್ಲ.

ಪ್ರಶಸ್ತಿಯ ಮಾತು ಸಾಕು. ಅವರು ಕೇಳಿದವರಲ್ಲ. ನಾವು ಅವರಿಗೆ ಬಾಕಿ ಇಟ್ಟಿರುವುದು ಬೇರೆ.

ಪಕ್ಕದ ಬಾಂಗ್ಲಾದೇಶ ಆ ಬಾಕಿಯನ್ನು ಹೇಗೆ ತೀರಿಸಿತು ನೋಡಿ. ಕಾರ್ಖಾನೆಯ ಪೊಟ್ಟಣ ಪ್ರತಿ ಹಳ್ಳಿಗೆ ಮುಟ್ಟಿಸಲಾಗದ ಕಾಲ. ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹೆಂಗಸರನ್ನು ಮನೆಮನೆಗೆ ಕಳಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಹೇಳಿ ಬರುವುದಲ್ಲ, ತಾಯಿಯ ಕೈಯಲ್ಲೇ ಕಲಸಿಸಿ ನೋಡುವುದು. ಕೆಲವು ವಾರ ಬಿಟ್ಟು ಬೇರೊಬ್ಬರು ಹೋಗಿ ಆ ತಾಯಿಗೆ ನೆನಪಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳಿಗೆ ಸಂಬಳ. ಮೇಷ್ಟ್ರುಗಳಾದ ನಮಗೆ ಇಂಥ ಕಾನೂನು ಬಂದಿದ್ದರೆ ಎಂದು ಒಂದು ಕ್ಷಣ ಹೆದರಿದೆ. ಹೀಗೆ ಅವರು ಮುಟ್ಟಿದ್ದು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು.

ನಮ್ಮ ಕಡೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ, ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ 61ಕ್ಕೂ ಒಂದಿಷ್ಟು ಕಮ್ಮಿ. ಜೊತೆಗೆ ಕೊಡಬೇಕಾದ ಸತುವಿನ, ಅಂದರೆ ಝಿಂಕ್ ಮಾತ್ರೆ ಸಿಕ್ಕಿದ್ದು ನೂರಕ್ಕೆ ಸುಮಾರು 30 ಮಕ್ಕಳಿಗೆ. ಈ ನೀರು ಹುಟ್ಟಿದ ದೇಶದಲ್ಲಿ, ಹುಟ್ಟಿ ಐವತ್ತು ವರ್ಷವಾದ ಮೇಲೆ! ಜಗತ್ತಿನಲ್ಲಿ ಇವತ್ತಿಗೂ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಎಳೆಮಕ್ಕಳು ಭೇದಿಯಿಂದ ಸಾಯುತ್ತಾರೆ. ಅದು ನಮ್ಮ ಊರಿನ ಮಾತಲ್ಲ ಎನ್ನಬೇಡಿ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ನಮ್ಮ ಜನ ವಾಂತಿಭೇದಿಯಾಗಿ ಸತ್ತರು. ಶುದ್ಧ ನೀರು ಕೊಡಬೇಕಾದ್ದು ಸರ್ಕಾರ, ಅದನ್ನು ಕೇಳುವುದನ್ನು ಯಾವ ಪೊಟ್ಟಣಕ್ಕೂ ಬಿಟ್ಟುಕೊಡಬಾರದು. ಆದರೆ ಪೈಪು ಒಡೆದ ರಾತ್ರಿ ಮಗುವಿನ ಪಕ್ಕದಲ್ಲಿ ಇರುವವರು ಎಂಜಿನಿಯರಲ್ಲ. ನೀವು.

ಅದಕ್ಕೇ ಕೇಳಿ ಎನ್ನುತ್ತಿದ್ದೇನೆ. ಡಾಕ್ಟರ ಮುಂದೆ ಕೂತಾಗ ಬಾಯಿ ಬಿಟ್ಟು ಹೇಳಿ: “ಡಾಕ್ಟ್ರೇ, ಓಆರ್‌ಎಸ್ ಬರ್ಕೊಡಿ. ಝಿಂಕ್ ಬೇಕಾ ನೋಡಿ. ಗ್ಲೂಕೋಸ್ ಹಾಕೋ ಅಷ್ಟು ಆಗಿದ್ಯಾ ಇಲ್ವಾ ಹೇಳಿ.” ಕೇಳುವುದು ಅವಮರ್ಯಾದೆಯಲ್ಲ. ನಮ್ಮ ಮೌನವನ್ನೇ ಅವರು ಬೇಡ ಎಂದು ಓದಿಕೊಳ್ಳುತ್ತಿದ್ದಾರೆ ಎಂಬುದು ಈಗ ಅಳೆದು ಸಾಬೀತಾಗಿದೆ. ತರಕಾರಿಯಂಗಡಿಯಲ್ಲಿ ಕೊತ್ತಂಬರಿ ಸೊಪ್ಪನ್ನು ಕೇಳಿ ಹಾಕಿಸಿಕೊಳ್ಳುವವರು ನಾವು, ಮಗುವಿನ ಪ್ರಾಣದ ವಿಷಯದಲ್ಲಿ ನಾಚುವುದೇಕೆ?

ವೈದ್ಯರೇ, ನಿಮಗೂ ಒಂದು ಮಾತು. ಅಂದು ನನ್ನ ಸಿಟ್ಟಿಗೆ ಸೋತ ಆ ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ಆದರೂ ಅವರು ಇನ್ನೆರಡು ನಿಮಿಷ ಸೋಲದೆ ಇದ್ದಿದ್ದರೆ ಎನಿಸುತ್ತದೆ. ಕ್ಲಿನಿಕ್ಕಿನಲ್ಲೇ ಒಂದು ಲೀಟರ್ ಕಲಸಿ, ಲೋಟವನ್ನೂ ಚಮಚವನ್ನೂ ನನ್ನ ಕೈಗೇ ಕೊಟ್ಟು, ಅಗೋ ಆ ಬೆಂಚಿನ ಮೇಲೆ ಕೂತು ಕುಡಿಸ್ರಿ, ಅರ್ಧ ಗಂಟೆ ಬಿಟ್ಟು ನಾನು ನೋಡ್ತೀನಿ ಎಂದಿದ್ದರೆ ನಾನು ಕೇಳುತ್ತಿದ್ದೆ. ಬನಗಾಂವ್‌ನಲ್ಲಿ ಮಾಡಿದ್ದು ಅಷ್ಟೇ ತಾನೇ? ರೋಗಿಯ ಕಡೆಯವರಿಗೆ ಬೇಕಾದ್ದು ಸೂಜಿಯಲ್ಲ, ನೀವು ಏನೋ ಮಾಡಿದಿರಿ ಎಂಬ ಭರವಸೆ. ಅದನ್ನು ಲೋಟದಿಂದಲೂ ಕೊಡಬಹುದು. ಸಾಮಾನ್ಯ ನೀರುಭೇದಿಗೆ ಆಂಟಿಬಯೋಟಿಕ್ ಬರೆದು ಕಳಿಸುವಾಗ ಅದು ಯಾರ ಸಮಾಧಾನಕ್ಕೆ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ.

ಮೆಡಿಕಲ್ ಶಾಪಿನವರೇ, ನಿಮ್ಮ ಫ್ರಿಜ್ಜಿನ ಬಗ್ಗೆಯೂ ಹೇಳಬೇಕು. ಓಆರ್‌ಎಸ್ ಎಂಬ ಮೂರಕ್ಷರವನ್ನು ಹೆಸರಿಗೆ ಅಂಟಿಸಿಕೊಂಡ ಬಣ್ಣಬಣ್ಣದ ಪಾನೀಯಗಳು ವರ್ಷಗಟ್ಟಲೆ ಅಲ್ಲಿ ಕೂತಿದ್ದವು. ಅವುಗಳಲ್ಲಿ ಸಕ್ಕರೆ ಮಿತಿಮೀರಿ, ಉಪ್ಪಿನ ಪ್ರಮಾಣ ಸಾಲದೆ ಇದ್ದರೆ ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ಎಂಟು ವರ್ಷ ಬಡಿದಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಆ ಹೆಸರು ಬಳಸುವಂತಿಲ್ಲ ಎಂದಿತು. ಕಾಗದದ ಆದೇಶ ಕೌಂಟರಿನ ತನಕ ಬರುವುದು ನಿಮ್ಮಿಂದ. ಕೊಳ್ಳುವವರು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇದೇ ಪೊಟ್ಟಣ ಪುಕ್ಕಟೆ ಇರುತ್ತದೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತೇವೆ. ಅವೆರಡೂ ಒಂದೇ ಲೋಟದಲ್ಲಿ ಸೇರುವ ಔಷಧ ಇದು. ಆ ಕೆಲಸವನ್ನು ತಾಯಿಗೇ ಬಿಟ್ಟು ಅಪ್ಪಂದಿರು ಡಾಕ್ಟರ ಮುಂದೆ ಜೋರು ಮಾಡುವುದು ಬೇಡ. ಕಲಿಯೋದು ಕಷ್ಟವಿಲ್ಲ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಜಾಣತನ ಬೇಡ, ಗಟ್ಟಿಯಾದರೆ ಅಪಾಯ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೆ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ, ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬೇಡಿ, ಅನ್ನವನ್ನೂ ನಿಲ್ಲಿಸಬೇಡಿ. ಪೊಟ್ಟಣ ಸಿಗದ ರಾತ್ರಿ, ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆಮಟ್ಟಕ್ಕೆ ಒರೆಸಿ. ಮಗು ಕುಡಿಯಲಾರದಷ್ಟು ಜೋಲುಬಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಹೋಗದಿದ್ದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಓಡಿ. ಆಗ ಲಾಟಾನ ಬಾಟಲಿಯೇ ಬೇಕು. ದಾರಿಯುದ್ದಕ್ಕೂ ಕುಡಿಸುತ್ತಲೇ ಹೋಗಿ.

ಮಗಳಿಗೆ ಈಗ ಹತ್ತೊಂಬತ್ತು. ಮೊನ್ನೆ ಇದನ್ನೆಲ್ಲ ಬರೆಯುತ್ತ ಕೂತವನು ಎದ್ದು ಹೋಗಿ ಮನೆಯ ಔಷಧದ ಡಬ್ಬಿ ತೆಗೆದು ನೋಡಿದೆ. ನೋವಿನ ಮಾತ್ರೆ ಮೂರು ಥರ, ಗ್ಯಾಸಿನದು ಎರಡು, ಯಾವುದೋ ಕಾಲದ ಕೆಮ್ಮಿನ ಸಿರಪ್ಪು. ಅಡಿಯಲ್ಲಿ ಒಂದು ಓಆರ್‌ಎಸ್ ಪೊಟ್ಟಣ, ಅವಧಿ ಮುಗಿದು ಎರಡು ವರ್ಷವಾಗಿತ್ತು. ಸಂಜೆ ಹೋಗಿ ನಾಲ್ಕು ಹೊಸದು ತಂದೆ. ಎರಡು ಡಬ್ಬಿಯಲ್ಲಿವೆ. ಇನ್ನೆರಡನ್ನು ಪಕ್ಕದ ಮನೆಗೆ ಕೊಟ್ಟು ಬಂದೆ, ಅಲ್ಲಿ ಎಂಟು ತಿಂಗಳ ಕೂಸಿದೆ.